ಜೀರುಂಡೆ ಬಿಟ್ಟ ಮೇಲೆ

ತೋಳು ಎತ್ತಿತು ನೋಡು, ಯಾರನ್ನೋ ಕರೆಯುವ ಹಾಗೆ, ಮಗಳ ಅಂಗಿಯ ತೋಳು, ಒಳಗೆ ಕೈಯಿಲ್ಲ, ಬರೀ ಗಾಳಿ, ಈ ತುದಿಗೆ ಕ್ಲಿಪ್ಪು ಹಾಕುವಷ್ಟರಲ್ಲಿ ಆ ತುದಿ ಹಾರಿಬಂದು ಮುಖಕ್ಕೆ ಬಾರಿಸಿತು, ಒದ್ದೆ, ಸೋಪಿನ ವಾಸನೆ, ಕನ್ನಡಕದ ಮೇಲೆಲ್ಲ ನೀರು — ತಡಿಯೇ, ನಿನ್ನನ್ನು ಒಗೆದು ತಂದವಳೇ ನಾನು, ನನಗೇ ಹೊಡೀತೀಯಾ — ಒರೆಸಿದರೆ ಗಾಜು ಇನ್ನಷ್ಟು ಮಸುಕು, ಇರಲಿ, ತೆಗೆದು ಜೇಬಿಗೆ ಹಾಕೋದು, ಬಟ್ಟೆ ಒಣಹಾಕಲಿಕ್ಕೆ ಕಣ್ಣು ಯಾಕೆ, ಹಗ್ಗ ಎಲ್ಲಿದೆ, ಯಾವ ಕ್ಲಿಪ್ಪಿನ ಬಾಯಿ ಸಡಿಲ, ಯಾವುದು ಬೆರಳು ಕಚ್ಚುತ್ತದೆ, ಎಲ್ಲ ಕೈಗೇ ಗೊತ್ತು. ಮರದ ಕ್ಲಿಪ್ಪುಗಳು, ಡಾರ್ಕ್‌ರೂಮಿನವು, ಇಷ್ಟು ಬಿಸಿಲು ತಿಂದರೂ ಮೂಗಿನ ಹತ್ತಿರ ತಂದರೆ ಇನ್ನೂ ಫೋಟೋ ತೊಳೆಯುವ ಆ ಔಷಧದ ಹುಳಿವಾಸನೆ, ಒಂದು ಕಾಲದಲ್ಲಿ ಮದುಮಕ್ಕಳನ್ನೂ ಹಲ್ಲಿಲ್ಲದ ಕೂಸುಗಳನ್ನೂ ಟೈ ಕಟ್ಟಿಕೊಂಡ ಗುಮಾಸ್ತರನ್ನೂ ದಾರಕ್ಕೆ ಕಚ್ಚಿ ಹಿಡಿದಿದ್ದವು, ಈಗ ಕಾಲುಚೀಲ ಹಿಡಿದಿವೆ, ಇದನ್ನು ಬಡ್ತಿ ಅನ್ನೋಣವೋ ಹಿಂಬಡ್ತಿ ಅನ್ನೋಣವೋ, ಇವರಿದ್ದಿದ್ದರೆ ಕೇಳಬಹುದಿತ್ತು, ಏನಾದರೂ ಒಂದು ಹೇಳಿ ನಗಿಸುತ್ತಿದ್ದರು. ನನ್ನ ಗಂಡ ಅನ್ನುವ ಆ ಮನುಷ್ಯ ಕೆಳಗಿನ ಸ್ಟುಡಿಯೋದಲ್ಲಿ ಒಂದು ಜನ್ಮ ಪೂರ್ತಿ ಊರಿಗೆಲ್ಲ ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂದದ್ದೇ ಅಂದದ್ದು, ತಾನು ಮಾತ್ರ ಒಂದು ಗಳಿಗೆ ನಿಂತವರಲ್ಲ, ಊಟದ ತಟ್ಟೆಯ ಮುಂದೆ ಕೂತರೂ ಮೇಜಿನ ಕೆಳಗೆ ಮೊಣಕಾಲು ಕುಣಿಯುತ್ತಿತ್ತು, ಲೋಟದ ನೀರು ನಡುಗುತ್ತಿತ್ತು. ಈಗ ಅಲ್ಲಾಡಬೇಡಿ ಅನ್ನುವವಳು ಮಗಳು, ಅದೇ ಸ್ಟುಡಿಯೋ, ಅದೇ ಸ್ಟೂಲು, ಕ್ಯಾಮೆರಾ ಮಾತ್ರ ಬೇರೆ. ಕೆಳಗೆ ಮೇಜಿನ ಮೇಲೆ ಲಕೋಟೆ ಕಾಯುತ್ತಿದೆ. ಬೆಳಿಗ್ಗೆಯೇ ಕೇಳಿದಳು, ಅಮ್ಮಾ, ಇವತ್ತಾದರೂ ಅದನ್ನ ಅಂಚೆಗೆ ಹಾಕ್ತೀಯೋ, ಇಲ್ಲ ಅದಕ್ಕೂ ಒಂದು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲೋ. ವಿಳಾಸ ಬರೆದಾಗಿದೆ, ಫೋಟೋ ಒಳಗಿದೆ, ಅಂಟಿಸಿಲ್ಲ ಅಷ್ಟೆ, ಏನೋ ಹೇಳಲು ಹೊರಟು ಮರೆತವರ ಹಾಗೆ ಬಾಯಿ ತೆರೆದುಕೊಂಡು ಬಿದ್ದಿದೆ. ಅಕ್ಕನಿಗೆ. ಇವರ ಅಕ್ಕ, ನನಗೂ ಅಕ್ಕನೇ.

ಅಕ್ಕ ಕೇಳಿದ್ದಾದರೂ ಏನು, ಆಸ್ತಿ ಕೇಳಿದರೇ, ಒಡವೆ ಕೇಳಿದರೇ, ಒಂದು ಫೋಟೋ. ಹೋದ ಚಳಿಗಾಲದಲ್ಲಿ, ಇವರು ಹೋಗಿ, ಬಂದವರೆಲ್ಲ ಹೊರಟು, ಮನೆಯಲ್ಲಿ ಗಡಿಯಾರದ ಸದ್ದು ದೊಡ್ಡದಾಗಿ ಕೇಳಲು ಶುರುವಾದ ಮೇಲೆ ಕಾಗದ ಬಂತು, ಹುಡುಗಿ, ಅವನ ಮುಖ ನೆಟ್ಟಗೆ ಕಾಣೋ ಒಂದು ಫೋಟೋ ಕಳಿಸು, ನನ್ನ ಕಣ್ಣಿನ ಬೆಳಕು ಇಳೀತಾ ಇದೆ, ಇರೋವಾಗಲೇ ಒಂದು ಸಲ ತುಂಬಿಕೊಂಡುಬಿಡ್ತೀನಿ. ಈ ವಯಸ್ಸಿನಲ್ಲೂ ನನ್ನನ್ನು ಹುಡುಗಿ ಅನ್ನುವವರು ಅವರೊಬ್ಬರೇ, ಅವರೂ ನಿಲ್ಲಿಸಿದರೆ ಆವತ್ತಿನಿಂದ ನಾನು ಮುದುಕಿ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು, ಅವನು ನಡೆಯಲಿಲ್ಲ ಕಣೇ, ತೆವಳೋದು ಬಿಟ್ಟವನು ನೇರ ಓಡೋಕೆ ಶುರುಮಾಡಿದ, ಅವನ ಹಿಂದೆ ಓಡಿ ಓಡಿ ಕಾಲು ಸವೆದೇ ನಾನು ಕುಳ್ಳಿಯಾದದ್ದು ಅನ್ನುವವರು. ಅವರಿಗೆ ಒಂದು ಫೋಟೋ ಕಳಿಸಲು ಇಷ್ಟು ತಿಂಗಳೇ — ಫೋಟೋ ತೆಗೆಯುವವನ ಮನೆಯಲ್ಲಿ ಅವನದೇ ಮುಖ ಇಲ್ಲ ಅಂದರೆ ಯಾರು ನಂಬುತ್ತಾರೆ, ಕೊಡಲು ಮನಸ್ಸಿಲ್ಲ ಅಂತಲೇ ಅಂದುಕೊಳ್ಳುತ್ತಾರೆ. ಇಲ್ಲವೇ ಇಲ್ಲ ಅಂತಲೂ ಅಲ್ಲ, ಬಿಸ್ಕತ್ತಿನ ಡಬ್ಬದ ತುಂಬ ಇವೆ, ಮಗಳ ಹುಟ್ಟಿದ ದಿನ ವರ್ಷಕ್ಕೊಂದರಂತೆ ಹಿಂದಿನ ಅಂಗಳದಲ್ಲಿ ತೆಗೆದವು, ಎಲ್ಲದರಲ್ಲೂ ನಾವು ಗೂಟ ಹೊಡೆದ ಹಾಗೆ ಕೂತಿದ್ದೇವೆ, ಇವರು ಓಡುತ್ತಿದ್ದಾರೆ. ಎಲ್ಲದರಲ್ಲೂ. ಬಲಗಡೆಯಿಂದ ಒಂದು ಬೂದು ಹೊಗೆ ನುಗ್ಗಿಬರುತ್ತಿದೆ, ಅದೇ ಇವರು. ಆ ಕ್ಯಾಮೆರಾದಲ್ಲಿ ಒಂದು ಪುಟ್ಟ ಕೀಲಿ ಇತ್ತು, ಎಳೆದು ಬಿಟ್ಟರೆ ಸ್ವಲ್ಪ ಹೊತ್ತು ಜ್ರ್‌ರ್ ಅಂತ ಕೂಗಿ ತಾನಾಗಿಯೇ ಚಕ್ ಅಂತ ಹೊಡೆದುಕೊಳ್ಳುತ್ತಿತ್ತು, ಅಷ್ಟರಲ್ಲಿ ತೆಗೆಯುವವನೂ ಓಡಿಬಂದು ಎಲ್ಲರ ಜೊತೆ ಕೂರಬಹುದು, ಇವರು ಅದಕ್ಕೆ ಜೀರುಂಡೆ ಅಂತ ಹೆಸರಿಟ್ಟಿದ್ದರು, ಜೀರುಂಡೆ ಬಿಟ್ಟೆ, ಯಾರೂ ಉಸಿರಾಡಬೇಡಿ! ಮದುವೆಯ ದಿನವೂ ಇದೇ ಕಥೆ, ಇವರಿಗೆ ಕೆಲಸ ಕಲಿಸಿದ ಯಜಮಾನರು ನಾನು ತೆಗೆದುಕೊಡ್ತೀನಯ್ಯಾ ಅಂದರೂ ಕೇಳಲಿಲ್ಲ, ನನ್ನ ಮದುವೆ ಫೋಟೋ ನಾನೇ ತೆಗೆಯೋದು, ಆಯಿತು, ಫೋಟೋದಲ್ಲಿ ನಾನೊಬ್ಬಳೇ ನಿಂತಿದ್ದೇನೆ, ಪಕ್ಕದಲ್ಲಿ ಒಂದಿಷ್ಟು ಗಾಳಿ, ಅಕ್ಕ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಲೋ, ಈ ಹುಡುಗಿ ಗಾಳೀನ ಮದುವೆಯಾದ ಹಾಗಿದೆಯಲ್ಲೋ, ನಾಳೆ ಯಾರಾದರೂ ಗಂಡ ಎಲ್ಲಿ ಅಂದರೆ ಏನು ಹೇಳ್ತಾಳೆ. ಕಿಟಕಿ ತೆಗೀತೀನಿ, ಬಂದುಬಿಡ್ತಾರೆ ಅಂತ ಹೇಳಲಿ ಬಿಡಕ್ಕಾ ಅಂದರು ಇವರು. ಎಲ್ಲರೂ ಜೀರುಂಡೆಯ ಸ್ಪ್ರಿಂಗ್ ಸರಿಯಿಲ್ಲ ಅಂದರು, ರಿಪೇರಿಯವನು ಬಿಚ್ಚಿ ನೋಡಿ, ಸ್ಪ್ರಿಂಗ್ ಕಲ್ಲಿನಂಗಿದೆ ಸ್ವಾಮಿ, ನಿಮ್ಮ ಕಾಲೇ ನಿಧಾನ ಅಂದ. ಕಾಲೂ ನಿಧಾನವಲ್ಲ. ನನಗೆ ಗೊತ್ತು, ಎದುರು ಕೂತು ನೋಡುತ್ತಿದ್ದವಳು ನಾನು — ಜೀರುಂಡೆ ಬಿಟ್ಟ ಮೇಲೆ ಓಡೋದು ಬಿಟ್ಟು ಇವರು ಮತ್ತೊಂದು ಸಲ ಬಗ್ಗಿ ಕಣ್ಣಿಟ್ಟು ನೋಡುತ್ತಿದ್ದರು, ಎಲ್ಲರೂ ಸರಿ ಕೂತಿದ್ದಾರಾ, ತನಗೆ ಬಿಟ್ಟ ಜಾಗ ಸರಿಯಾಗಿದೆಯಾ, ತಾನಿಲ್ಲದೆ ನಾವು ಹೇಗೆ ಕಾಣುತ್ತೇವೆ, ಅದನ್ನೊಂದು ಸಲ ನೋಡದೆ ಕಾಲೇ ಕೀಳುತ್ತಿರಲಿಲ್ಲ. ಆಮೇಲೆ ಓಟ. ಆಮೇಲೆ ಚಕ್.

ದಿಂಬಿನ ಹೊದಿಕೆ, ಹಿಂಡಿದ್ದು ಸಾಲದು, ಅಂಚಿನಿಂದ ತೊಟ್ಟಿಕ್ಕುತ್ತಿದೆ, ಕನ್ನಡಕವಿಲ್ಲದೆ ನೋಡಿದರೆ ಹನಿಯಲ್ಲ, ಒಂದು ಬೆಳ್ಳಿ ದಾರ, ಮೇಲಿಂದ ಕೆಳಗೆ ಇಳಿಬಿಟ್ಟದ್ದು. ಇವರು ಒಮ್ಮೆ ಹೀಗೇ ನಲ್ಲಿಯ ನೀರಿನ ಎರಡು ಫೋಟೋ ತೆಗೆದು ನನ್ನ ಮುಂದಿಟ್ಟರು, ಒಂದರಲ್ಲಿ ಹನಿಗಳು ಗಾಜಿನ ಮಣಿಯ ಹಾಗೆ ಗಾಳಿಯಲ್ಲಿ ನಿಂತಿವೆ, ಇನ್ನೊಂದರಲ್ಲಿ ನೀರು ರೇಷ್ಮೆಯ ಎಳೆ, ಯಾವುದು ನೀರು ಹೇಳು. ನಾನು ಮಣಿಗಳನ್ನು ತೋರಿಸಿದೆ, ಇದೇ, ಎಷ್ಟು ಸ್ಪಷ್ಟವಾಗಿದೆ. ಇವರು ತಲೆಯಾಡಿಸಿದರು, ಇದನ್ನ ಕತ್ತು ಹಿಡಿದು ನಿಲ್ಲಿಸಿದ್ದೀನಿ ಕಣೇ, ನಿಂತ ಮೇಲೆ ಅದು ಹರಿಯೋದನ್ನ ಮರೆತಿದೆ, ಇನ್ನೊಂದು ನೋಡು, ಅದಕ್ಕೆ ಆಕಾರ ಇಲ್ಲ, ಆದರೆ ಬಾಯಾರಿಕೆ ಆಗುತ್ತೆ. ಆವಾಗ ಅರ್ಥವಾಗಲಿಲ್ಲ, ಇಂಥವಕ್ಕೆಲ್ಲ ನನ್ನ ಉತ್ತರ ಒಂದೇ, ಊಟ ಆರ್ತಾ ಇದೆ ಬನ್ನಿ. ರಸ್ತೆಯ ಮೂಲೆಯಲ್ಲಿ ನಿಂತು ಸೈಕಲ್ಲಿನವರನ್ನು ಹಿಡಿಯುತ್ತಿದ್ದರು, ಕ್ಯಾಮೆರಾವನ್ನೂ ಅವರ ಜೊತೆಗೇ ತಿರುಗಿಸುತ್ತಾ, ಓಡುವವನ ಜೊತೆ ನೀನೂ ತಿರುಗು, ಆಗ ಅವನು ನಿಲ್ತಾನೆ, ಊರೇ ಓಡುತ್ತೆ — ನಿಜ, ಆ ಫೋಟೋದಲ್ಲಿ ಸೈಕಲ್ಲಿನವನ ಮೀಸೆಯ ಕೂದಲು ಎಣಿಸಬಹುದು, ಹಿಂದಿನ ಅಂಗಡಿಗಳೆಲ್ಲ ಗೀಟು ಗೀಟಾಗಿ ಜಾರಿಹೋಗಿವೆ, ಔಷಧದಂಗಡಿಯವನು ನೋಡಿ ಬೇಜಾರು ಮಾಡಿಕೊಂಡ, ಹೊಸ ಬೋರ್ಡು ಹಾಕಿಸಿದ್ದೆ ಸಾರ್, ಒಂದಕ್ಷರ ಕಾಣ್ತಿಲ್ಲ. ಗಿರಾಕಿಗಳಿಗೆ ಬೇಕಾದದ್ದು ನಿಂತ ಮುಖ. ಯಾರಾದರೂ ಮಿಸುಕಿದರೆ ಅದು ಶೇಕ್ ಆಗಿದೆ, ಕೆಟ್ಟಿದೆ, ಪಕ್ಕಕ್ಕಿಡು. ನಿಂತ ಮುಖಗಳ ಮೇಲೆ ನನ್ನ ಕೆಲಸ, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮೊಡವೆ ಮುಚ್ಚೋದು, ಕಣ್ಣಿನ ಕೆಳಗಿನ ಗೆರೆ ಅಳಿಸೋದು, ಚುಕ್ಕೆ ಚುಕ್ಕೆ ಚುಕ್ಕೆ, ಊರಿನ ಅರ್ಧ ಜನ ನನ್ನ ಪೆನ್ಸಿಲ್ಲಿನಿಂದ ಪ್ರಾಯದವರಾದರು. ಆದರೆ ಶೇಕ್ ಆದ ಮುಖದಲ್ಲಿ ಪೆನ್ಸಿಲ್ ಎಲ್ಲಿಡೋದು, ಎಲ್ಲಿಂದ ಮೂಗು, ಎಲ್ಲಿಗೆ ಮುಗಿಯಿತು ಗಲ್ಲ, ಗಾಳಿಯ ಮೇಲೆ ಚುಕ್ಕೆ ಇಟ್ಟ ಹಾಗೆ. ಆದರೂ ಡಾರ್ಕ್‌ರೂಮಿನ ಆ ಕೆಂಪು ಬೆಳಕಿನಲ್ಲಿ ಪ್ರತಿ ವರ್ಷ ಆ ಒಂದು ಫೋಟೋ ತೊಳೆಯುವಾಗ ಇಬ್ಬರೂ ಟ್ರೇ ಮೇಲೆ ಬಗ್ಗುತ್ತಿದ್ದೆವು, ಈ ಸಲ ಬಂದಿರ್ತೀನಿ ನೋಡು, ಈ ಸಲ ಹಕ್ಕಿಯ ಹಾಗೆ ಹೋಗಿ ಕೂತಿದ್ದೀನಿ. ಬಿಳೀ ಹಾಳೆ, ನೀರಿನಡಿಯಲ್ಲಿ, ಕಪ್ಪಾದದ್ದೆಲ್ಲ ಮೊದಲು ಮೇಲೇಳುತ್ತದೆ, ಮೊದಲು ಬೂಟು. ಒಂದೇ ಒಂದು ಬೂಟು, ಎಡಗಾಲಿನದು, ನೆಲಕ್ಕೆ ಊರಿದ್ದು. ಯಾಕೆಂದರೆ ಓಡುವವನ ಮೈಯೆಲ್ಲ ಓಡುತ್ತಿದ್ದರೂ ನೆಲ ಮುಟ್ಟಿದ ಪಾದ ಆ ಕ್ಷಣಕ್ಕೆ ನಿಂತಿರುತ್ತದೆ, ಅದೊಂದು ಮಾತ್ರ ನಿಚ್ಚಳ, ಹೊಲಿಗೆ ಕಾಣುತ್ತದೆ, ಧೂಳು ಕಾಣುತ್ತದೆ, ಅವಸರದಲ್ಲಿ ಒಂದು ತೂತು ಬಿಟ್ಟು ಪೋಣಿಸಿದ ಲೇಸು ಕಾಣುತ್ತದೆ, ಮೇಲಕ್ಕೆ ಹೋದಂತೆ ಮೊಣಕಾಲು ಕರಗಿ, ಸೊಂಟ ಹರಡಿ, ಮುಖ ಒಂದು ಒರೆಸಿದ ಗೆರೆ. ಥೂ, ಮತ್ತೆ ಬೂಟೇ ಬಂತಲ್ಲೇ. ನಗು. ಆ ಕೆಂಪು ಕತ್ತಲಲ್ಲಿ ಇಬ್ಬರೂ ನಗುತ್ತಿದ್ದದ್ದು.

ಇನ್ನೊಂದು ಇದೆ, ಗುರುತಿನ ಚೀಟಿಯದ್ದು, ಸರ್ಕಾರಿ ಕಚೇರಿಯಲ್ಲಿ ಯಾರೋ ತೆಗೆದದ್ದು, ಅದರಲ್ಲಿ ಇವರು ನಿಂತಿದ್ದಾರೆ, ಕಣ್ಣು ರೆಪ್ಪೆ ಹೊಡೆಯುವುದಿಲ್ಲ, ತುಟಿ ಬಿಗಿದಿದೆ, ತಂದವರೇ ನೋಡಿ, ಯಾರಿದು, ಇವನಿಗೆ ಸಾಲ ಕೊಡಬೇಡ ಅಂದರು. ಅಕ್ಕನಿಗೆ ಅದನ್ನೇ ದೊಡ್ಡದು ಮಾಡಿಸಿ ಕಳಿಸೋಣ ಅಂತ ಎಷ್ಟು ಸಲ ಕೈಗೆತ್ತಿಕೊಂಡೆ, ಎತ್ತಿಕೊಂಡಾಗೆಲ್ಲ ಆ ಕೊನೆಯ ತಿಂಗಳೇ ನೆನಪು, ಮಂಚ, ಗೋಡೆ ಕಡೆ ಮುಖ, ಮೈಯಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ, ಹೊದಿಕೆಯ ಕೆಳಗೆ ಎಡಗಾಲಿನ ಬೆರಳು ಮಾತ್ರ ಆಗಾಗ. ಮಗಳು ಕ್ಯಾಮೆರಾ ತಂದು ಬಾಗಿಲಲ್ಲಿ ನಿಂತಳು, ಅಪ್ಪಾ, ಒಂದೇ ಒಂದು ತೆಗೀತೀನಿ. ಬೇಡ್ವೇ, ಈಗ ತೆಗೀಬೇಡ, ಈಗ ಸರಿಯಾಗಿ ಬಂದುಬಿಡ್ತೀನಿ. ಅವಳು ನಗಲಿಲ್ಲ, ನಾನೂ ನಗಲಿಲ್ಲ, ಅವರೊಬ್ಬರೇ ನಕ್ಕು ಕೆಮ್ಮಿದರು. ಅದಕ್ಕೇ ಗುರುತಿನ ಚೀಟಿಯದು ಬೇಡ ಅಂದೆ. ಹಾಗಾದರೆ ಇರು ಅಂದಳು ಮಗಳು, ಅದೆಷ್ಟು ಹೊತ್ತಿನ ಕೆಲಸ, ಮುಖ ಆ ಚೀಟಿಯಿಂದ ತಗೊಂಡು ಅತ್ತೆ ಇರೋ ಫೋಟೋದಲ್ಲಿ ಕೂರಿಸಿಬಿಡ್ತೀನಿ, ಅಪ್ಪ ಅತ್ತೆ ಪಕ್ಕದಲ್ಲೇ ಕೂತ ಹಾಗೆ, ಯಾರಿಗೂ ಗೊತ್ತಾಗಲ್ಲ. ಇದೇನು ಹೊಸದಲ್ಲ, ನಮ್ಮ ಕಾಲದಲ್ಲೂ ಇತ್ತು, ದೂರದೂರಿನಲ್ಲಿದ್ದ ಅಣ್ಣನ ತಲೆ ಕತ್ತರಿಸಿ ಮನೆಯವರ ಗುಂಪಿನಲ್ಲಿ ಅಂಟಿಸಿ, ಅಂಚಿಗೆ ನಾನೇ ಬಣ್ಣ ತೇಯ್ದು, ಮತ್ತೆ ಫೋಟೋ ತೆಗೆದು ಕೊಡೋದು, ಇಲ್ಲದವರನ್ನು ಕೂರಿಸುವುದರಲ್ಲಿ ನಮ್ಮ ಸ್ಟುಡಿಯೋದ್ದು ಎತ್ತಿದ ಕೈ. ಅತ್ತೆ ಇರುವ ಫೋಟೋ ಅಂದರೆ ಅಕ್ಕ ನಮ್ಮ ಮನೆಗೆ ಬಂದಿದ್ದ ವರ್ಷದ್ದು, ಅಂಗಳದಲ್ಲಿ ಮೂರು ಕುರ್ಚಿ, ಈ ಕಡೆ ನಾನು, ತೊಡೆಯ ಮೇಲೆ ಮಗಳು, ಆ ಕಡೆ ಅಕ್ಕ, ನಡುವೆ ಇವರ ಖಾಲಿ ಕುರ್ಚಿ, ಅಕ್ಕ ಅದರ ಮೇಲೆ ಅಂಗೈ ಅಗಲಿಸಿ ಇಟ್ಟಿದ್ದಾರೆ, ಬಸ್ಸಿನಲ್ಲಿ ಜಾಗ ಹಿಡಿದವರ ಹಾಗೆ, ಬಾಯಿ ತೆರೆದು ಏನೋ ಕೂಗುತ್ತಿದ್ದಾರೆ — ಓಡೋ, ಓಡೋ ಅಂದದ್ದು ಅದು, ನನಗೆ ಇನ್ನೂ ಕಿವಿಯಲ್ಲಿದೆ — ಬಲಗಡೆಯಿಂದ ಹೊಗೆ, ಬೂಟು. ಮಗಳು ಮಾಡಿ ತಂದಳು. ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ, ಕೋಟು ಹಾಕಿದ್ದಾನೆ, ಇವರ ಮುಖ ಇದೆ. ಯಾರ ಕೋಟು ಇದು? ಕಂಪ್ಯೂಟರ್‌ನಲ್ಲಿ ಇತ್ತಮ್ಮಾ. ಅಕ್ಕನ ಕೈ ಎಲ್ಲಿ? ಕೈ ಅಡ್ಡ ಬರ್ತಿತ್ತು, ತೆಗೆದೆ. ಮತ್ತೆ ಇವರು? ಕೂತಿದ್ದಾರಲ್ಲ. ಅಲ್ಲ ಕಣೇ, ಇಲ್ಲಿದ್ದವರು, ಓಡಿ ಬರ್ತಿದ್ದವರು. ಅದಾ, ಆ ಕಲೆ ಒರೆಸಿ ಗೋಡೆ ತುಂಬಿಸಿದೆ. ಅವಳು ಚೆನ್ನಾಗಿಯೇ ಮಾಡಿದ್ದಳು, ಗೋಡೆಯ ಇಟ್ಟಿಗೆ ಒಂದೂ ಅತ್ತಿತ್ತಾಗಿಲ್ಲ, ಅಪ್ಪನ ಮಗಳು, ನಾನು ತಲೆ ಸವರಿ ಲಕೋಟೆಗೆ ಹಾಕಿದೆ. ಹಾಕಿದ್ದಷ್ಟೇ.

ಜೊತೆಗೊಂದು ಕಾಗದ ಬೇಕಲ್ಲ. ಅಕ್ಕನಿಗೆ ನಮಸ್ಕಾರ ಅಂತ ಬರೆದು ನಿಂತರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ಇದರ ಜೊತೆ ತಮ್ಮನ ಫೋಟೋ ಇಟ್ಟಿದ್ದೇನೆ, ಆಮೇಲೆ, ಇಟ್ಟಿದ್ದೇನೆಯೇ, ಬೇರೆ ಯಾರಿಗಾದರೂ ಬರೆದುಬಿಡಬಹುದು, ನನಗೆ ಬರೆಯುವ ಹುಚ್ಚು ಹತ್ತಿಸಿದವರಿಗೇ ಹೇಗೆ ಬರೆಯೋದು. ಮದುವೆಯಾಗಿ ಬಂದಾಗ ನನಗೆ ಅಕ್ಷರ ಬರುತ್ತಿರಲಿಲ್ಲ, ಅಕ್ಕನ ಕಾಗದವನ್ನು ಇವರೇ ಓದಿ ಹೇಳುತ್ತಿದ್ದರು, ಒಂದು ಸಲ ಅಕ್ಕ ಬಂದಾಗ ಗುಟ್ಟು ಹೊರಬಿತ್ತು, ನನ್ನ ತಮ್ಮನ ಜೊತೆ ಜಗಳವಾಡಿದರೆ ಬಗ್ಗಬೇಡ, ನಾನು ನಿನ್ನ ಕಡೆ ಅಂತ ಬರೆದಿದ್ದೆನಲ್ಲೇ ಹುಡುಗಿ, ಓದಲಿಲ್ವಾ, ಅಯ್ಯೋ, ಅವನ ಬಾಯಲ್ಲಿ ನನ್ನ ಕಾಗದ ಕೇಳ್ತೀಯಾ, ಅವನು ತನಗೆ ಬೇಡದ್ದೆಲ್ಲ ನುಂಗಿರ್ತಾನೆ, ಹೋಗು, ನೀನೇ ಕಲಿ. ಮಗಳು ಶಾಲೆ ಸೇರಿದ ಮೇಲೆ ನಾನು ರಾತ್ರಿ ಶಾಲೆ ಸೇರಿದೆ, ಹಗಲು ಮಕ್ಕಳು ಕೂರುವ ಬೆಂಚು, ಮೊಣಕಾಲು ಎದೆಗೆ ತಾಗುತ್ತಿತ್ತು, ಪಕ್ಕದಲ್ಲಿ ದರ್ಜಿ, ಅವನ ಪಕ್ಕ ಇಬ್ಬರು ಗಾರೆಯವರು ತೂಕಡಿಸುತ್ತಾ. ಪಾಠ ಹೇಳುವ ಹುಡುಗಿ ನನ್ನ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದಳು, ಅಮ್ಮಾ, ನೀವು ಬರೀತಾ ಇಲ್ಲ, ಚುಕ್ಕೆ ಇಡ್ತಾ ಇದ್ದೀರಿ. ಹೌದು, ಟಚಪ್ ಮಾಡಿದ ಕೈ, ಒಂದೊಂದು ಅಕ್ಷರವನ್ನೂ ಚುಕ್ಕೆ ಚುಕ್ಕೆಯಾಗಿ ತುಂಬುತ್ತಿದ್ದೆ, ಅಚ್ಚಿನ ಹಾಗೆ ಕಾಣುತ್ತಿತ್ತು, ಆದರೆ ಒಂದು ಸಾಲಿಗೆ ಅರ್ಧ ಗಂಟೆ. ಕೈ ಎತ್ತಬೇಡಿ, ಎಳ್ಕೊಂಡು ಹೋಗಿ, ವಕ್ರ ಆಗಲಿ ಪರವಾಗಿಲ್ಲ, ಅಕ್ಷರ ಓಡಬೇಕಮ್ಮಾ. ಹೊರಗೆ ಸೈಕಲ್ಲಿನ ಗಂಟೆ, ಇವರು ಕರೆದೊಯ್ಯಲು ಬಂದು ಒಂದು ಕಾಲು ನೆಲಕ್ಕೆ ಊರಿ ನಿಂತಿರುತ್ತಿದ್ದರು, ಏನಮ್ಮಾ, ಪಾಸೋ ಫೇಲೋ. ಓಡಬೇಕಂತೆ. ಹಾಗಾದರೆ ಇನ್ನು ನಿನ್ನ ಕೈ ಬರಹ ಶೇಕ್ ಆಗುತ್ತೆ ಬಿಡು. ಅಕ್ಕನಿಗೆ ನಾನೇ ಬರೆದ ಮೊದಲ ಕಾಗದದಲ್ಲಿ ಇದ್ದದ್ದು ನಾಲ್ಕು ಪದ, ಅಕ್ಕಾ, ಇವರು ನುಂಗಿದ್ದು ನಿಜ. ಅದಕ್ಕವರ ಉತ್ತರ, ಆ ಕಾಗದವನ್ನು ನೂರು ಸಲ ಓದಿದೆ, ಎಲ್ಲರಿಗೂ ತೋರಿಸಿದೆ ಅಂತ. ಅಂಥವರಿಗೆ, ಆ ಕೋಟಿನವನನ್ನು ಕಳಿಸಿ, ಇಗೋ ನಿಮ್ಮ ತಮ್ಮ ಅಂತ ಬರೆಯಲು ಕೈ ಏಳಲಿಲ್ಲ, ಮುಖವೇ ಇಲ್ಲ ಅಂತ ಬರೆಯಲೂ ಏಳಲಿಲ್ಲ, ಚಳಿಗಾಲ ಹೋಯಿತು, ಸೆಕೆ ಬಂತು, ಲಕೋಟೆಯ ಅಂಚು ಹಳದಿಗೆ ತಿರುಗಿತು. ನಿನ್ನೆ ಅಕ್ಕನ ಇನ್ನೊಂದು ಕಾಗದ. ಅಕ್ಷರ ಒಂದೊಂದೂ ಹೆಬ್ಬೆರಳಿನಷ್ಟು, ಸಾಲು ಹಾಳೆಯಿಂದ ಹೊರಗೆ ಬಿದ್ದಿದೆ. ಹುಡುಗಿ, ಫೋಟೋ ಇನ್ನು ಬೇಡ ಬಿಡು. ನೇರ ನೋಡಿದರೆ ನಡುವೆ ಒಂದು ತೂತು, ಯಾರಿಗೂ ಮುಖ ಇಲ್ಲ. ಅಂಚಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಓರೆಯಾಗಿ ನೋಡಿದರೆ ಯಾರೋ ಬರೋದು ಗೊತ್ತಾಗುತ್ತೆ, ಹಾಲಿನವನೋ ಸೊಸೆಯೋ ಅಂತ ನಡಿಗೆಯಲ್ಲೇ ಹೇಳ್ತೀನಿ. ಅದೂ ಎಷ್ಟು ದಿನವೋ ಅಂದಿದ್ದಾರೆ ಡಾಕ್ಟರು. ನಿನ್ನ ತಪ್ಪಲ್ಲ, ತಲೆ ಕೆಡಿಸಿಕೋಬೇಡ. ಬಯ್ದಿದ್ದರೆ ಆಗುತ್ತಿತ್ತು. ಬಯ್ಯಲಿಲ್ಲ, ಬೇಡ ಬಿಡು ಅಂದುಬಿಟ್ಟರು, ಅಕ್ಕ ಯಾವತ್ತೂ ಯಾವುದನ್ನೂ ಬೇಡ ಬಿಡು ಅಂದವರಲ್ಲ.

ಕಾಲುಚೀಲ ಒಂದೇ ಇದೆ, ಜೋಡಿ ಎಲ್ಲಿ, ಬಕೆಟ್ಟಿನ ತಳದಲ್ಲಿ ತಡಕು, ಇಲ್ಲ — ಮೆಟ್ಟಿಲ ಬಾಗಿಲ ಹತ್ತಿರ ಏನೋ ಆಡಿತು, ನೀಲಿ, ಮೇಲೆ ಒಂದಿಷ್ಟು ಕಪ್ಪು, ಕಣ್ಣಿಲ್ಲ ಮೂಗಿಲ್ಲ, ಒಂದು ಬಣ್ಣದ ಹೊಗೆ, ನೇತುಹಾಕಿದ ಬಟ್ಟೆಗಳ ನಡುವೆ ನುಸುಳಿ ಬರುತ್ತಿದೆ, ಎಡ ಭುಜ ಒಂದಿಷ್ಟು ಮುಂದೆ ಹಾಕಿ, ಯಾವಾಗಲೂ ಯಾರ ಮೇಲೋ ಜಗಳಕ್ಕೆ ಹೋಗುವವಳ ಹಾಗೆ, ಮಗಳು. ಅಮ್ಮಾ, ಕನ್ನಡಕ ಎಲ್ಲಿ, ನಾನು ಯಾರು ಗೊತ್ತಾಯ್ತಾ? ನೀನಲ್ಲದೆ ಇನ್ಯಾರು, ಮುಖ ನೋಡಬೇಕಾ ನಿನ್ನದು, ಬರೋ ರೀತಿ ನೋಡಿದರೆ — ಬಾಯಿಂದ ಹೊರಟ ಮಾತು ಅಲ್ಲೇ ನಿಂತಿತು, ಕೈಯಲ್ಲಿ ಕ್ಲಿಪ್ಪು, ಬಾಯಿ ತೆರೆದ ಕ್ಲಿಪ್ಪು. ಬರೋ ರೀತಿ. ನಡಿಗೆಯಲ್ಲೇ ಹೇಳ್ತೀನಿ. ಮುಖ ಯಾರಿಗೂ ಇಲ್ಲ, ಅಕ್ಕನಿಗೆ ಇಡೀ ಲೋಕ ಈಗ ಶೇಕ್ ಆಗಿದೆ, ಅಂಥ ಲೋಕದಲ್ಲಿ ಕೋಟು ಹಾಕಿ ಕೂತವನ ಮುಖ ಯಾರಿಗೆ ಬೇಕು, ನಡುವಿನ ತೂತಿನಲ್ಲಿ ಬಿದ್ದು ಹೋಗುತ್ತದೆ, ಓಡುತ್ತಿರುವವನು ಬೇಕು, ಬಲಗಡೆಯ ಅಂಚಿನಿಂದ, ಅಂಚಿನಿಂದಲೇ ಬರುತ್ತಾರಲ್ಲ ಇವರು, ಪ್ರತಿ ಸಲ, ಅಕ್ಕನ ಕಣ್ಣು ಉಳಿದಿರುವುದೂ ಅಂಚಿನಲ್ಲೇ. ನಿನ್ನೆಯಿಂದ ಆ ಕಾಗದ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು, ಅದರಲ್ಲೇ ದಾರಿ ಬರೆದಿತ್ತು, ನಾನು ಬೇಡ ಬಿಡು ಅನ್ನುವುದನ್ನಷ್ಟೇ ಓದಿದ್ದೆ. ಯಾಕಮ್ಮಾ, ಏನಾಯ್ತು, ಕೂತ್ಕೋ, ತಲೆ ಸುತ್ತುತ್ತಾ? ಏನೂ ಇಲ್ಲ ಕಣೇ, ಕೆಳಗೆ ನಡಿ, ಡಬ್ಬದಿಂದ ಆ ಹಳೇ ಫೋಟೋ ತೆಗಿ, ನೀನು ಏನೂ ಮಾಡದೆ ಇದ್ದದ್ದು, ಅತ್ತೆ ಕೈ ಇರೋದು. ಶೇಕ್ ಆಗಿರೋದಾ? ಅದೇ, ಅದನ್ನ ದೊಡ್ಡದು ಮಾಡು, ನಿನ್ನ ಮೆಷಿನ್ನಿಗೆ ಎಷ್ಟು ಆಗುತ್ತೋ ಅಷ್ಟು, ಕಿಟಕಿಯಷ್ಟು. ಅಮ್ಮಾ, ದೊಡ್ಡದು ಮಾಡಿದರೆ ಅಪ್ಪ ಇನ್ನೂ ಹರಡಿಹೋಗ್ತಾರೆ. ಹರಡಲಿ. ಏನೂ ಉಳಿಯಲ್ಲ. ಬೂಟು ಉಳಿಯುತ್ತೆ. ಮಸುಕಿನಲ್ಲೂ ಗೊತ್ತಾಯಿತು, ಅವಳು ತಲೆ ಒಂದು ಕಡೆ ವಾಲಿಸಿದ್ದಾಳೆ, ಯೋಚಿಸುವಾಗ ಹಾಗೇ, ಆಮೇಲೆ ನಿಧಾನವಾಗಿ, ಕೋಟು ಚೆನ್ನಾಗಿರಲಿಲ್ಲ ಅಲ್ವಾ ಅಂದಳು. ಕೋಟು ಚೆನ್ನಾಗಿತ್ತು ಕಣೇ, ಅದರೊಳಗೆ ಇವರು ಇರಲಿಲ್ಲ.

ಮೆಷಿನ್ನಿನ ಬಾಯಿಂದ ಹಾಳೆ ಮೇಲಿನ ತುದಿಯಿಂದ ಬರುತ್ತದೆ, ನಮ್ಮ ಟ್ರೇಯಲ್ಲಿ ಎಲ್ಲ ಕಡೆಯಿಂದ ಏಳುತ್ತಿತ್ತು, ಇಲ್ಲಿ ಮೊದಲು ಆಕಾಶ, ಗೋಡೆ, ನನ್ನ ತಲೆ, ಅಕ್ಕನ ತೆರೆದ ಬಾಯಿ, ಬಲಕ್ಕೆ ಹೊಗೆ ಶುರುವಾಯಿತು, ಭುಜ, ಜೀರುಂಡೆಯ ಕಡೆಗೆ ಹೊರಳಿ ನೋಡಿದ ಮುಖದ ಒರೆಸಿದ ಗೆರೆ, ಕುರ್ಚಿಯ ಮೇಲೆ ಅಂಗೈ, ಮಗಳೂ ನಾನೂ ಬಗ್ಗಿ ಕಾಯುತ್ತಿದ್ದೇವೆ, ಕೊನೆಗೆ, ಎಲ್ಲಕ್ಕಿಂತ ಕೊನೆಗೆ ಬೂಟು, ನನ್ನ ಅಂಗೈಯಷ್ಟು ದೊಡ್ಡದು. ಅಮ್ಮಾ ನೋಡು, ಲೇಸಿನಲ್ಲಿ ಒಂದು ತೂತು ಬಿಟ್ಟಿದ್ದಾರೆ, ಇಷ್ಟು ವರ್ಷ ಇದನ್ನ ನೋಡೇ ಇಲ್ವಲ್ಲ ನಾನು. ಯಾವಾಗಲೂ ಹಾಗೇ, ಅಕ್ಕ ಅದಕ್ಕೆ ಬಯ್ದು ಬಯ್ದು ಸುಸ್ತಾಗಿದ್ದರು. ಅವಳು ಹಾಳೆಯ ಅಂಚು ಹಿಡಿದುಕೊಂಡು ಸ್ವಲ್ಪ ದೂರ ಹೋಗಿ ಗೋಡೆಗೆ ಒರಗಿ ಕಣ್ಣು ಕಿರಿದು ಮಾಡಿ ನೋಡಿದಳು, ಬರ್ತಾ ಇದ್ದಾರೆ ಅಂದಳು, ಅಷ್ಟೇ. ಕಾಗದ ಬರೆಯಲು ಕೂತರೆ ಈಗ ಪೆನ್ನು ತಡೆಯುವುದಿಲ್ಲ, ಕೈ ಎತ್ತದೆ ಎಳೆದುಕೊಂಡು ಹೋದೆ, ದೊಡ್ಡ ಅಕ್ಷರ, ಸಾಲು ಸೊಟ್ಟ, ಯಾರಾದರೂ ಓದಿ ಹೇಳುವುದಾದರೆ ನುಂಗದೆ ಹೇಳಲಿ ಅಂತ ಮೊದಲೇ ಬರೆದೆ, ಅಕ್ಕಾ, ತಡವಾಯಿತು, ಇದರಲ್ಲಿ ಮುಖ ಇಲ್ಲ, ಹುಡುಕಬೇಡಿ, ನೇರ ನೋಡಲೂ ಬೇಡಿ, ಗೋಡೆಗೆ ಹಚ್ಚಿಸಿ, ದೂರ ಕೂತು, ಬೇರೆ ಏನೋ ನೋಡುತ್ತಿರುವ ಹಾಗೆ ಓರೆಯಲ್ಲಿ ನೋಡಿ, ನಿಮ್ಮ ಕೈ ಕುರ್ಚಿಯ ಮೇಲಿದೆ, ಜಾಗ ಹಿಡಿದಿದ್ದೀರಿ, ಇವರು ಬರುತ್ತಿದ್ದಾರೆ. ನಿಮ್ಮ ಹುಡುಗಿ. ಒರೆಸಿದ ಕನ್ನಡಕ ಹಾಕಿ ಒಂದು ಸಲ ಓದಿದೆ, ಎರಡನೇ ಸಲ ಓದಿದರೆ ತಿದ್ದಲು ಕೂರುತ್ತೇನೆ ಅಂತ ಫೋಟೋದೊಳಗೆ ಸುತ್ತಿಬಿಟ್ಟೆ, ಮಗಳು ರಟ್ಟಿನ ಕೊಳವೆ ತಂದಳು, ಇಬ್ಬರೂ ಸೇರಿ ಒಳಗೆ ತೂರಿಸಿದೆವು, ಕೋಟಿನವನು ಹಳದಿ ಲಕೋಟೆಯಲ್ಲಿ ಮೇಜಿನ ಮೇಲೇ ಉಳಿದ, ಇರಲಿ ಪಾಪ, ಅವನಿಗೇನೂ ಅವಸರವಿಲ್ಲ. ನಾನು ಹೋಗಿ ಹಾಕಿಬರ್ತೀನಿ ಕೊಡಮ್ಮಾ. ಬೇಡ, ನಾನೇ ಹೋಗ್ತೀನಿ. ರಸ್ತೆ, ಬಿಸಿಲು, ಔಷಧದಂಗಡಿಯ ಬೋರ್ಡು ಮತ್ತೆ ಬದಲಾಗಿದೆ, ಒಂದು ಸೈಕಲ್ಲು ಗಂಟೆ ಹೊಡೆದು ದಾಟಿಹೋಯಿತು, ನಾನೂ ಅದರ ಜೊತೆ ಕತ್ತು ತಿರುಗಿಸಿದೆ, ಅಂಗಡಿಗಳೆಲ್ಲ ಗೀಟಾಗಿ ಜಾರಿದವು, ಸವಾರನ ಕಿವಿ ಮಾತ್ರ ಒಂದು ಕ್ಷಣ ನಿಂತಿತ್ತು, ಅಯ್ಯೋ ದಾರಿ ನೋಡಿಕೊಂಡು ನಡೀರಿ ಅಜ್ಜಿ ಅಂದರು ಯಾರೋ, ಅಂಚೆ ಕಚೇರಿಯ ಮೆಟ್ಟಿಲು, ಸರದಿ, ಅಂಟಿನ ವಾಸನೆ. ಕಿಟಕಿಯ ಗುಮಾಸ್ತ ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಆಡಿಸಿದ, ಏನಜ್ಜಿ ಇದರಲ್ಲಿ? ಫೋಟೋ ಕಣಪ್ಪ. ಮಡಿಸಬೇಡಿ ಅಂತ ಬರೀಲಾ? ಬರಿ. ಅಲ್ಲಾಡಿಸಬೇಡಿ ಅಂತಲೂ ಹಾಕಲಾ? ಬೇಡ, ಅದೊಂದು ಬೇಡ, ಎಷ್ಟು ಬೇಕಾದರೂ ಅಲ್ಲಾಡಲಿ. ಅವನಿಗೆ ಏನು ಅರ್ಥವಾಯಿತೋ, ನಕ್ಕ, ಮುದ್ರೆಯನ್ನು ಶಾಯಿಗೆ ಒತ್ತಿ ಮೇಲೆತ್ತಿದ, ಕೈ ಗಾಳಿಯಲ್ಲಿ, ನಾನು ಉಸಿರು ಬಿಗಿಹಿಡಿದೆ, ಜ್ರ್‌ರ್ ಅಂತ ಎಲ್ಲೋ ಫ್ಯಾನಿನದೋ ಏನೋ ಸದ್ದು, ಓಡಿ ಅಂದೆ, ಬಾಯಿಬಿಟ್ಟೇ ಅಂದೆನೋ ಏನೋ, ದಡ್ ಅಂತ ಬಿತ್ತು, ಕೊಳವೆ ಉರುಳಿ ಚೀಲದೊಳಗೆ ಹೋಯಿತು, ಹೋಯಿತು, ಕಿಟಕಿಯ ಈಚೆ ನನ್ನ ಅಂಗೈ ಕಟ್ಟೆಯ ಮೇಲೆ ಅಗಲವಾಗಿ ಕೂತಿದೆ, ಹಿಂದಿನವರು ಆಯ್ತಾ ಅಜ್ಜಿ ಅನ್ನುತ್ತಿದ್ದಾರೆ, ಇವರ ಮುಖ ನೆನಪಿಗೆ ಬರುತ್ತಿಲ್ಲ, ಎಷ್ಟು ಕರೆದರೂ ಮುಖ ಬರುತ್ತಿಲ್ಲ, ಬೂಟು, ಎಡಗಾಲಿನದು, ನೆಲಕ್ಕೆ ಊರಿದ್ದು, ಲೇಸಿನಲ್ಲಿ ಒಂದು ತೂತು ಬಿಟ್ಟದ್ದು